ಮೈಕಿಗೆ ಹತ್ತಿರದ ಕಿವಿ

ಹೊಸನಗರ ತಾಲ್ಲೂಕಿನ ನನ್ನ ಅಕ್ಕನ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಎರಡೇ ಜಾಗದಲ್ಲಿ. ಒಂದು ಅಡಿಕೆ ಒಣಗಿಸುವ ಚಪ್ಪರದ ಮೇಲೆ, ಇನ್ನೊಂದು ಹಿತ್ತಲ ಧರೆಯ ಮೇಲಿನ ಹಲಸಿನ ಬುಡದಲ್ಲಿ. ಕೊನೆಗೊಯ್ಲಿನ ಕಾಲ. ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಅಂಗಳದ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಚಪ್ಪರದ ಮೇಲೆ ಕಂಬಳಿ ಹೊದ್ದು ಕೂತ ಅಕ್ಕನ ಮಗ, ಹದಿನಾರರ ಹುಡುಗ, ಕತ್ತಲಿಗೆ ಕೂಗುತ್ತಿದ್ದ: “ಝೋನ್ ಬಂತು, ಓಡ್ರೋ!” “ನಾಕ್ ಆದೆ ಮಾರಾಯ, ರಿವೈವ್ ಮಾಡು!”

ಆಟದ ಹೆಸರು ಬಿಜಿಎಂಐ. ನೂರು ಜನ ಒಂದು ದ್ವೀಪಕ್ಕೆ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ, ಸುತ್ತಲಿನ ವೃತ್ತ ಕಿರಿದಾಗುತ್ತ ಬರುತ್ತದೆ, ಕೊನೆಗೆ ಉಳಿದ ತಂಡ ಗೆಲ್ಲುತ್ತದೆ. ನಾಲ್ವರು ಸೇರಿದರೆ ಒಂದು ಸ್ಕ್ವಾಡ್. ಗುಂಡು ತಗುಲಿ ಬಿದ್ದವನು ಕೂಡಲೇ ಸಾಯುವುದಿಲ್ಲ. ಜೊತೆಗಾರ ಓಡಿ ಬಂದು ಕೆಲವು ಸೆಕೆಂಡು ಪಕ್ಕದಲ್ಲಿ ಕೂತರೆ ಮತ್ತೆ ಎದ್ದೇಳುತ್ತಾನೆ. ಅವತ್ತಿನ ಸ್ಕ್ವಾಡಿನಲ್ಲಿ ಒಬ್ಬ ಸಾಗರದವನು, ಒಬ್ಬ ತೀರ್ಥಹಳ್ಳಿಯವನು. ನಾಲ್ಕನೆಯವನನ್ನು ಆಟವೇ ಎಲ್ಲಿಂದಲೋ ಹುಡುಕಿ ಸೇರಿಸಿತ್ತು. ಹುಡುಗರ ಮಾತಿನಲ್ಲಿ ಅಂಥವನು ‘ರ‍್ಯಾಂಡಮ್’. ಕನ್ನಡದವನೇ, ಕೈ ಚುರುಕು, ನಮ್ಮ ಹುಡುಗ ಬಿದ್ದಾಗ ಎರಡು ಸಲ ಎಬ್ಬಿಸಿದ್ದ. ಮೂರನೆಯ ಆಟದ ನಡುವೆ, ಬಂದೂಕಿಗೆ ಗುಂಡು ತುಂಬುತ್ತ, ಅವನು ಒಂದು ಸಮುದಾಯದ ಮೇಲೆ ಒಂದು ಮಾತು ಎಸೆದ. ಇಲ್ಲಿ ಬರೆಯುವಂಥದ್ದಲ್ಲ. ಫೋನು ಸ್ಪೀಕರಿನಲ್ಲಿದ್ದುದರಿಂದ ಚಪ್ಪರದ ಕೆಳಗೆ ನಿಂತ ನನಗೂ ಕೇಳಿತು. ಎರಡು ಸೆಕೆಂಡು ಯಾರೂ ಮಾತಾಡಲಿಲ್ಲ. ಆಮೇಲೆ ಆಟ ಮುಂದುವರಿಯಿತು.

ತೀರ್ಥಹಳ್ಳಿಯ ಆ ಹುಡುಗ ಅದೇ ಸಮುದಾಯದವನು, ಮನೆಮಾತು ಬ್ಯಾರಿ. ನಮ್ಮ ಹುಡುಗನಿಗೆ ಅವನ ಪರಿಚಯವಾದದ್ದು ಕಬಡ್ಡಿ ಅಂಕಣದಲ್ಲಿ. ಆ ಎರಡು ಸೆಕೆಂಡುಗಳಲ್ಲಿ ಅವನು ಏನನ್ನು ನುಂಗಿಕೊಂಡನೋ, ನನ್ನ ತಲೆಯಿಂದ ಅದು ಹೋಗಲಿಲ್ಲ. ಈ ಅಧ್ಯಾಯ ಆ ಮೌನದ ಬಗ್ಗೆ.

ದೊಡ್ಡವರು ಸಾಮಾನ್ಯವಾಗಿ ಹೆದರುವುದು ಆಟದೊಳಗಿನ ಬಂದೂಕಿಗೆ. ಆ ಹೆದರಿಕೆಗೆ ವಿಜ್ಞಾನ ಹೆಚ್ಚು ಬೆಂಬಲ ಕೊಡುವುದಿಲ್ಲ. ಆಕ್ಸ್‌ಫರ್ಡಿನ ಆ್ಯಂಡ್ರ್ಯೂ ಪ್ರಿಬಿಲ್‌ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ ಬ್ರಿಟನ್ನಿನ 14–15 ವಯಸ್ಸಿನ ಸುಮಾರು ಒಂದು ಸಾವಿರ ಮಕ್ಕಳನ್ನು ಅಧ್ಯಯನ ಮಾಡಿ, ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲ ನಡವಳಿಕೆಗೂ ನಂಟು ಕಾಣಲಿಲ್ಲವೆಂದು 2019ರಲ್ಲಿ ಪ್ರಕಟಿಸಿದರು. ನಾವು ಕಿವಿಗೊಡಬೇಕಾದದ್ದು ಬಂದೂಕಿನ ಸದ್ದಿಗಿಂತ ಹೆಚ್ಚಾಗಿ ಮೈಕಿನ ಮಾತಿಗೆ. ಇಂದಿನ ಆಟ ಒಂದು ಅರಳಿಕಟ್ಟೆ. ಕಟ್ಟೆಗೆ ಯಾರು ಬೇಕಾದರೂ ಬಂದು ಕೂರಬಹುದು. ಬಂದವನ ಊರು, ವಯಸ್ಸು, ಉದ್ದೇಶ ಯಾವುದೂ ಮುಖದ ಮೇಲೆ ಬರೆದಿರುವುದಿಲ್ಲ, ಏಕೆಂದರೆ ಅಲ್ಲಿ ಮುಖವೇ ಇಲ್ಲ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಬದುಕನ್ನು ಅಲ್ಲಿನ ರಾಯಲ್ ಆಯೋಗ ಕೆದಕಿ ನೋಡಿತು. ಚಿಕ್ಕಂದಿನಿಂದ ಅವನ ಇಂಟರ್ನೆಟ್ ಬಳಕೆಗೆ ಹಿರಿಯರ ನಿಗಾ ಇರಲಿಲ್ಲ. ಆನ್‌ಲೈನ್ ಆಟದ ಜೊತೆಗಾರರೊಡನೆ ಜನಾಂಗದ್ವೇಷದ ಮಾತನ್ನು ಮುಚ್ಚುಮರೆಯಿಲ್ಲದೆ ಆಡುತ್ತಿದ್ದ. ಆ ಮಾತು ಕೇಳಿಸಿಕೊಂಡ ಕಿವಿಗಳು ಎಷ್ಟಿದ್ದವೋ! ಸಿಂಗಪುರದ ಪ್ರಕರಣ ಇನ್ನೂ ನೇರ. 2023ರ ಜನವರಿಯಲ್ಲಿ ಅಲ್ಲಿನ ಆಂತರಿಕ ಭದ್ರತಾ ಇಲಾಖೆ 16ರ ಒಬ್ಬ ಶಾಲಾ ಹುಡುಗನ ಮೇಲೆ ನಿರ್ಬಂಧದ ಆದೇಶ ಹೊರಡಿಸಿತು. ಚಿಕ್ಕ ಮಕ್ಕಳೂ ಆಡುವ ರೋಬ್ಲಾಕ್ಸ್ ಆಟದಲ್ಲಿ ಯಾರೋ ಐಸಿಸ್ ಮಾದರಿಯ ಯುದ್ಧಭೂಮಿಗಳನ್ನು ಕಟ್ಟಿದ್ದರು. ಸಿರಿಯಾ, ಫಿಲಿಪ್ಪೀನ್ಸಿನ ಮರಾವಿಯಂಥ ಜಾಗಗಳ ನಕಲು. ಹುಡುಗ ಅಲ್ಲಿ ಸೈನಿಕನಾಗಿ ಆಡುತ್ತ, ಆಟದ ದೃಶ್ಯಗಳನ್ನೇ ಕತ್ತರಿಸಿ ಪ್ರಚಾರದ ವಿಡಿಯೊ ಮಾಡುವ ಮಟ್ಟಕ್ಕೆ ಹೋಗಿದ್ದ.

ಒಂದು ಜನಾಂಗದ ಹೆಸರಿನ ದ್ವೇಷ, ಇನ್ನೊಂದು ಧರ್ಮದ ಹೆಸರಿನದು. ಆದರೆ ಹೊಕ್ಕ ಬಾಗಿಲು ಒಂದೇ ಬಗೆಯದು. ಬಲೆ ಬೀಸುವವನು ಮೊದಲ ದಿನವೇ ಸಿದ್ಧಾಂತ ಹೇಳುವುದಿಲ್ಲ. ಅವನು ರಿವೈವ್ ಮಾಡುತ್ತಾನೆ. ಆಟದ ಪಾತ್ರಕ್ಕೆ ತೊಡಿಸುವ ‘ಸ್ಕಿನ್’ ಉಡುಗೊರೆ ಕೊಡುತ್ತಾನೆ. “ಚೆನ್ನಾಗಿ ಆಡ್ತೀಯ” ಎನ್ನುತ್ತಾನೆ. ಮನೆಯಲ್ಲಿ ಪಿಯುಸಿ ಅಂಕಪಟ್ಟಿ ಹಿಡಿದು ಬೈಸಿಕೊಂಡು ಬಂದ ಹುಡುಗನಿಗೆ ಅದು ಅಂದಿನ ಏಕೈಕ ಒಳ್ಳೆಯ ಮಾತಾಗಿರಬಹುದು. ಆಮೇಲೆ ಒಂದು ಜೋಕು, ಒಂದು ಮೀಮ್. ನಗದಿದ್ದರೆ “ತಮಾಷೆ ಮಾರಾಯ” ಎಂದು ಹಿಂದೆ ಸರಿಯುತ್ತಾನೆ, ನಕ್ಕರೆ ಮುಂದಿನ ಹೆಜ್ಜೆ: ಬೇರೆ ಗ್ರೂಪಿಗೆ, ಡಿಸ್ಕಾರ್ಡಿಗೋ ಟೆಲಿಗ್ರಾಮಿಗೋ ಕರೆ. ಅಲ್ಲಿ ಹೊರಗಿನ ಕಿವಿಗಳು ಇರುವುದಿಲ್ಲ. ಕಟ್ಟೆಯಿಂದ ಎಬ್ಬಿಸಿ ಕಾಡಿನೊಳಗೆ ಕರೆದೊಯ್ಯುವ ಈ ಹೆಜ್ಜೆಯೇ ಇಡೀ ಪ್ರಕ್ರಿಯೆಯ ತಿರುವು. ತಡೆಯಬಹುದಾದದ್ದು ಅದಕ್ಕಿಂತ ಮೊದಲು, ಇನ್ನೂ ಕಟ್ಟೆಯ ಮೇಲೆ ಇರುವಾಗ.

ಮನಶ್ಶಾಸ್ತ್ರಜ್ಞ ವಿಲಿಯಂ ಸ್ವಾನ್ ಮತ್ತು ಸಂಗಡಿಗರು ಇಲ್ಲಿ ಕೆಲಸ ಮಾಡುವ ಶಕ್ತಿಯನ್ನು ಅಳೆಯಲು ಸರಳವಾದ ಚಿತ್ರವೊಂದನ್ನು ಬಳಸುತ್ತಾರೆ. ಸಣ್ಣ ವೃತ್ತ ನೀವು, ದೊಡ್ಡ ವೃತ್ತ ನಿಮ್ಮ ಗುಂಪು. ಮೊದಲ ಚಿತ್ರದಲ್ಲಿ ಎರಡೂ ದೂರ ದೂರ. ಕೊನೆಯ ಚಿತ್ರದಲ್ಲಿ ಸಣ್ಣದು ದೊಡ್ಡದರೊಳಗೆ ಪೂರ್ತಿ ಸೇರಿಹೋಗಿರುತ್ತದೆ. ಆ ಕೊನೆಯ ಚಿತ್ರವನ್ನು ಆರಿಸಿಕೊಳ್ಳುವವರು ಗುಂಪಿಗಾಗಿ ಕಾದಾಡಲು, ಸಾಯಲು ಸಹ ಸಿದ್ಧ ಎನ್ನುವ ಸಂಭವ ಹೆಚ್ಚು. ರೇಚೆಲ್ ಕೋವರ್ಟ್, ಅಲೆಕ್ಸಿ ಮಾರ್ಟೆಲ್ ಮತ್ತು ಸ್ವಾನ್ 2022ರಲ್ಲಿ ಇದನ್ನೇ ಗೇಮರುಗಳಲ್ಲಿ ನೋಡಿ, ಗೇಮಿಂಗ್ ಸಂಸ್ಕೃತಿಯೊಡನೆ ಹೀಗೆ ಬೆಸೆದುಕೊಂಡವರಲ್ಲಿ ಕೆಲವು ತೀವ್ರ ಧೋರಣೆಗಳು ಹೆಚ್ಚಿರುವುದನ್ನು ಕಂಡರು. ಗಮನಿಸಿ, ಬೆಸೆಯುವುದು ಕೆಟ್ಟ ಶಕ್ತಿಯೇನಲ್ಲ. ಪ್ರವಾಹದಲ್ಲಿ ಪಕ್ಕದ ಮನೆಯವರಿಗಾಗಿ ಹೊಳೆಗೆ ಹಾರುವವನನ್ನು ನೂಕುವುದೂ ಅದೇ ಬೆಸುಗೆ. ಆದ್ದರಿಂದ ‘ಸಹಕಾರ ಕಲಿಸಿ, ದ್ವೇಷ ಹೋಗುತ್ತದೆ’ ಎಂಬ ಸುಲಭದ ಮಾತನ್ನು ನಾನು ಒಪ್ಪುವುದಿಲ್ಲ. ಬಾಂಬು ಕಟ್ಟುವವರೂ ಚೆನ್ನಾಗಿಯೇ ಸಹಕರಿಸುತ್ತಾರೆ. ಯಾರೊಡನೆ ಎಂಬುದೇ ಇಲ್ಲಿನ ಪ್ರಶ್ನೆ.

ಆ ಪ್ರಶ್ನೆಗೆ ಹೆಸರಾದ ಉತ್ತರ 1954ರದು. ಅದಕ್ಕಿಂತ ಅಮೂಲ್ಯವಾದದ್ದು ಅದರ ಹಿಂದಿನ ವರ್ಷದ ಸೋಲು. ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡ್ಲ್ ಗ್ರೋವ್ ಎಂಬಲ್ಲಿ ಹುಡುಗರ ಬೇಸಿಗೆ ಶಿಬಿರ ಮಾಡಿದ. ಮೊದಲು ಎಲ್ಲರೂ ಬೆರೆತು ಆಡಿದರು, ಆಮೇಲೆ ಎರಡು ಗುಂಪು ಮಾಡಿ ಜಗಳ ಹುಟ್ಟಿಸುವುದು ಅವನ ಯೋಜನೆ. ಶಿಬಿರದ ಸಿಬ್ಬಂದಿಯೇ ಕದ್ದುಮುಚ್ಚಿ ಬಟ್ಟೆ ಬರೆ ಚೆಲ್ಲಾಪಿಲ್ಲಿ ಮಾಡಿ ಎದುರು ಗುಂಪಿನ ಮೇಲೆ ಅನುಮಾನ ಬರುವಂತೆ ಮಾಡಿದರು. ಹುಡುಗರು ಜಗಳಕ್ಕೆ ಬೀಳಲೇ ಇಲ್ಲ. ಗುಂಪು ಬೇರೆಯಾದರೂ ಗೆಳೆತನ ಉಳಿದಿತ್ತು. ಕೊನೆಗೆ ದೊಡ್ಡವರ ಮೇಲೆಯೇ ಅನುಮಾನ ಪಟ್ಟರು. ಪ್ರಯೋಗ ಮುರಿದುಬಿತ್ತು.

ಮರುವರ್ಷ ಓಕ್ಲಹೋಮಾದ ರಾಬರ್ಸ್ ಕೇವ್‌ನಲ್ಲಿ ಶೆರಿಫ್ ಆ ‘ತಪ್ಪು’ ತಿದ್ದಿಕೊಂಡ. 22 ಹುಡುಗರನ್ನು ಮೊದಲಿನಿಂದಲೇ ಎರಡು ಗುಂಪಾಗಿ, ಒಬ್ಬರಿಗೊಬ್ಬರು ಕಾಣದಂತೆ ಇಟ್ಟ. ಆಮೇಲೆ ಪಂದ್ಯಕ್ಕೆ ಬಿಟ್ಟ. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ಬಿಡಾರಗಳ ಮೇಲೆ ದಾಳಿ ನಡೆಯಿತು. ಒಟ್ಟಿಗೆ ಕೂರಿಸಿ ಊಟ ಹಾಕಿದರೆ ತಟ್ಟೆಯ ತಿನಿಸನ್ನೇ ಎಸೆದಾಡಿದರು. ಬದಲಾವಣೆ ಬಂದದ್ದು ಶಿಬಿರದ ನೀರು ನಿಂತಾಗ. ಎರಡೂ ಗುಂಪಿಗೆ ಬಾಯಾರಿಕೆ, ಎರಡೂ ಸೇರಿ ಹುಡುಕದೆ ಗತಿಯಿಲ್ಲ. ಮತ್ತೊಂದು ದಿನ ಊಟ ತರಬೇಕಾದ ಟ್ರಕ್ಕು ‘ಕೆಟ್ಟು’ ನಿಂತಿತು. ಹುಡುಗರು ತಾವು ಹಗ್ಗಜಗ್ಗಾಟ ಆಡಿದ್ದ ಹಗ್ಗವನ್ನೇ ಟ್ರಕ್ಕಿಗೆ ಕಟ್ಟಿ ಎಲ್ಲರೂ ಒಂದೇ ಕಡೆ ನಿಂತು ಎಳೆದರು.

ಆ ಹಗ್ಗವನ್ನು ನೆನೆದಾಗಲೆಲ್ಲ ನನಗೆ ನಮ್ಮ ಕೊನೆಗೊಯ್ಲು ಕಣ್ಣಿಗೆ ಬರುತ್ತದೆ. ಮರದ ತುದಿಯಲ್ಲಿ ಕೊನೆಕಾರ, ಕೆಳಗೆ ಹಗ್ಗ ಬಿಗಿಯಾಗಿ ಹಿಡಿದವನು. ಕೊನೆ ಜಾರಿ ಬರುವುದು ಇಬ್ಬರ ನಡುವಿನ ಆ ಬಿಗಿಯ ಮೇಲೆ. ಆದರೆ ಮಲೆನಾಡಿನ ತೋಟ ಗದ್ದೆಗಳನ್ನು ಸಹಕಾರದ ಸ್ವರ್ಗವೆಂದು ಹೊಗಳಿ ಮುಂದೆ ಹೋಗಲು ಮನಸ್ಸು ಬಾರದು. ಗೇಣಿದಾರರೂ ಒಡೆಯರೂ ತಲೆಮಾರುಗಟ್ಟಲೆ ಒಂದೇ ಊರಿನಲ್ಲಿ, ಒಂದೇ ಬೆಳೆಯ ಸುತ್ತ ಬದುಕಿದ ಸಾಗರ ಸೀಮೆಯಲ್ಲೇ 1951ರಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ ಕಾಗೋಡು ಸತ್ಯಾಗ್ರಹ ಎದ್ದಿತು. ಒಟ್ಟಿಗೆ ಇದ್ದ ಮಾತ್ರಕ್ಕೆ ಸಮವಾಗಿ ಇದ್ದಂತಲ್ಲ. ಹಾರ್ವರ್ಡಿನ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದದ್ದೂ ಇದನ್ನೇ. ಭಿನ್ನ ಗುಂಪುಗಳ ಒಡನಾಟ ಪೂರ್ವಗ್ರಹವನ್ನು ಕರಗಿಸಬೇಕಾದರೆ ಅಲ್ಲಿ ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಜೊತೆಗೆ ಮೇಲಿನವರ ಬೆಂಬಲ ಇರಬೇಕು. ಕಾಗೋಡಿನಲ್ಲಿ ಮೊದಲನೆಯದೇ ಇರಲಿಲ್ಲ.

ವಿಚಿತ್ರವೆಂದರೆ ಮೊಬೈಲ್ ಆಟದಲ್ಲಿ ಆ ಮೊದಲನೆಯದು ತಾನಾಗಿ ಸಿಗುತ್ತದೆ. ದ್ವೀಪಕ್ಕೆ ಇಳಿಯುವಾಗ ಎಲ್ಲರ ಕೈಯೂ ಖಾಲಿ. ಯಾರ ಅಪ್ಪನಿಗೆ ಎಷ್ಟು ಎಕರೆ ತೋಟ ಎಂದು ಆಟ ಕೇಳುವುದಿಲ್ಲ. ಗುರಿ ಒಂದೇ, ಸಹಕಾರವಿಲ್ಲದೆ ಗೆಲುವಿಲ್ಲ. ಕೊರತೆ ಇರುವುದು ನಾಲ್ಕನೆಯದರಲ್ಲಿ: ‘ಇಲ್ಲಿ ಇಂಥ ಮಾತು ನಡೆಯುವುದಿಲ್ಲ’ ಎನ್ನುವ ಅಧಿಕಾರದ ದನಿ.

ಆ ದನಿಯನ್ನು ಕಂಪನಿಗಳು ಹುಟ್ಟಿಸಲು ನೋಡಿದ್ದುಂಟು. ಲೀಗ್ ಆಫ್ ಲೆಜೆಂಡ್ಸ್ ಆಟದ ರಯಟ್ ಗೇಮ್ಸ್ ಕಂಪನಿ ಮನೋವಿಜ್ಞಾನಿಗಳನ್ನು ಕೆಲಸಕ್ಕೆ ಇಟ್ಟುಕೊಂಡು ಬೈಗುಳದ ಮೂಲ ಹುಡುಕಿತು. ಸದಾ ವಿಷ ಕಾರುವವರು ಆಟಗಾರರಲ್ಲಿ ಶೇ 1ರಷ್ಟು ಮಾತ್ರ. ಒಟ್ಟು ವಿಷದಲ್ಲಿ ಅವರ ಪಾಲು ಬರೀ ಶೇ 5ರಷ್ಟು. ಉಳಿದದ್ದರಲ್ಲಿ ಬಹುಪಾಲು ಸಾಧಾರಣ ಜನ ಕೆಟ್ಟ ದಿನವೊಂದರಲ್ಲಿ ಆಡಿದ ಮಾತು. ಎದುರು ತಂಡದೊಡನೆ ಹರಟುವ ಸೌಲಭ್ಯವನ್ನು ಕಂಪನಿ ಮೊದಲಿಗೆ ಮುಚ್ಚಿಟ್ಟು, ಬೇಕಾದವರು ತೆರೆದುಕೊಳ್ಳಬಹುದು ಎಂದಿತು. ಒಂದೇ ವಾರದಲ್ಲಿ ಕೆಟ್ಟ ಮಾತು ಶೇ 30ಕ್ಕಿಂತ ಹೆಚ್ಚು ಇಳಿಯಿತು, ಮಾತಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಶಿಕ್ಷೆಗೊಳಗಾದವನಿಗೆ ಅವನು ಆಡಿದ ಮಾತನ್ನೇ ತೋರಿಸಿ ‘ಇದಕ್ಕಾಗಿ’ ಎಂದು ವಿವರಿಸಿದಾಗ ತಿದ್ದಿಕೊಂಡವರ ಪ್ರಮಾಣ ಸುಮಾರು ಅರ್ಧದಿಂದ ಮೂರನೇ ಎರಡರ ಹತ್ತಿರಕ್ಕೆ ಏರಿತು. ಕಾರಣ ಹೇಳದ ಹೊಡೆತಕ್ಕಿಂತ ಕಾರಣ ಹೇಳಿದ ಮಾತು ಹೆಚ್ಚು ಕೆಲಸ ಮಾಡುತ್ತದೆ ಎಂದು ಒಳ್ಳೆಯ ಮೇಷ್ಟರಿಗೆ ಗೊತ್ತಿದ್ದದ್ದೇ.

ಕಂಪನಿ ಕಂಪನಿಗಳ ನಡುವೆಯೂ ಸಹಕಾರ ಶುರುವಾಗಿದೆ. ಒಂದು ವೇದಿಕೆಯಲ್ಲಿ ಗುರುತಿಸಿದ ಭಯೋತ್ಪಾದನೆಯ ವಿಡಿಯೊದ ಡಿಜಿಟಲ್ ಬೆರಳಚ್ಚನ್ನು ಇತರ ವೇದಿಕೆಗಳಿಗೂ ಹಂಚುವ ಜಿಐಎಫ್‌ಸಿಟಿ ಎಂಬ ಕೂಟವನ್ನು 2017ರಲ್ಲಿ ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟ್ಟರ್, ಯೂಟ್ಯೂಬ್ ಸೇರಿ ಕಟ್ಟಿದವು. 2021ರಿಂದ ಸಂಶೋಧಕರದೇ ಒಂದು ಜಾಲ ಆಟಗಳ ಲೋಕವನ್ನು ನೋಡುತ್ತಿದೆ. ಒಳ್ಳೆಯದೇ. ಆದರೆ ಇವೆಲ್ಲ ನಮ್ಮ ಚಪ್ಪರದ ತನಕ ತಲುಪುವುದಿಲ್ಲ. 2023ರಲ್ಲಿ ಕಾಲ್ ಆಫ್ ಡ್ಯೂಟಿ ಆಟಕ್ಕೆ, ಆಟಗಾರರ ಧ್ವನಿಯನ್ನು ಆಡುವಾಗಲೇ ಕೇಳಿ ದ್ವೇಷದ ಮಾತು ಗುರುತಿಸುವ ಟಾಕ್ಸ್‌ಮಾಡ್ ಎಂಬ ತಂತ್ರಜ್ಞಾನ ಬಂತು. ಮೊದಲು ಇಂಗ್ಲಿಷಿಗೆ, ಏಷ್ಯಾ ಒಂದನ್ನು ಬಿಟ್ಟು ಜಗತ್ತಿಗೆಲ್ಲ. ಮಲೆನಾಡಿನ ಕನ್ನಡದಲ್ಲಿ, ನಗುತ್ತ, ಅರ್ಧ ನುಂಗಿ ಆಡಿದ ಒಂದು ಹೀಯಾಳಿಕೆ ಯಂತ್ರಕ್ಕೆ ಗೊತ್ತಾಗುವುದು ಯಾವಾಗ? ಆ ಮಾತಿನ ಮುಳ್ಳು ಅರ್ಥವಾಗುವುದು ಅದೇ ಭಾಷೆಯಲ್ಲಿ ಬೆಳೆದ, ಅದೇ ಸ್ಕ್ವಾಡಿನಲ್ಲಿ ಕೂತ ಇನ್ನೊಬ್ಬ ಹುಡುಗನಿಗೆ ಮಾತ್ರ. ಸದ್ಯಕ್ಕೆ ನಮ್ಮ ಕಡೆಯ ಕಾವಲುಗಾರ ಅವನೇ.

ಸರ್ಕಾರದ ನಿಷೇಧಗಳ ಕಥೆಯನ್ನು ಬೇಗ ಮುಗಿಸುತ್ತೇನೆ. 2020ರ ಸೆಪ್ಟೆಂಬರ್ 2ರಂದು ಪಬ್ಜಿ, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್, ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ. 2023ರ ಮೇ ಹೊತ್ತಿಗೆ ಬಿಜಿಎಂಐ ವಾಪಸ್. ನಿಷೇಧಕ್ಕೆ ಕಾರಣ ದತ್ತಾಂಶ ಸುರಕ್ಷತೆಯೇ ಹೊರತು ಮೈಕಿನ ಮಾತಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಕಣ್ಣು ಹಣದ ಆಟದ ಮೇಲೆ. ಹುಡುಗರು ಒಂದು ಕಟ್ಟೆಯಿಂದ ಎದ್ದು ಇನ್ನೊಂದಕ್ಕೆ ಹೋದರು, ಅಷ್ಟೇ.

ಇನ್ನು ತೀರ್ಥಹಳ್ಳಿಯ ಮಾತು. 2022ರ ನವೆಂಬರ್ 19ರಂದು ಮಂಗಳೂರಿನ ಆಟೊದಲ್ಲಿ ಕುಕ್ಕರ್ ಸ್ಫೋಟಿಸಿದಾಗ, 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ, ಎನ್‌ಐಎ ಹೆಸರಿಸಿದ ಮುಖ್ಯ ಆರೋಪಿಗಳು ಆ ಊರಿನವರು. ತನಿಖೆಯ ಮಾತುಗಳಲ್ಲಿ ಬರುವುದು ಆನ್‌ಲೈನ್ ಹ್ಯಾಂಡ್ಲರುಗಳು, ಗುಪ್ತ ಸಂದೇಶದ ಆ್ಯಪುಗಳು. ಕಟ್ಟೆ ಯಾವುದೇ ಇರಲಿ, ಕಾಡಿನೊಳಗೆ ಕರೆದೊಯ್ಯುವ ದಾರಿ ನಾನು ಮೇಲೆ ಹೇಳಿದಂಥದ್ದೇ. ಕುವೆಂಪು, ಗೋಪಾಲಗೌಡರ ಊರೆಂದು ಹೇಳಿಕೊಳ್ಳುತ್ತಿದ್ದ ತಾಲ್ಲೂಕು ಟಿವಿಯ ಕೆಂಪು ಪಟ್ಟಿಯಲ್ಲಿ ದಿನಗಟ್ಟಲೆ ಓಡಿತು. ಅದೇ 2022ರ ಫೆಬ್ರವರಿಯಲ್ಲಿ ಜಿಲ್ಲೆಯ ಕಾಲೇಜಿನ ಅಂಗಳದಲ್ಲಿ ಹಿಜಾಬು, ಕೇಸರಿ ಶಾಲುಗಳ ನಡುವೆ ಹುಡುಗ ಹುಡುಗಿಯರು ಎರಡಾಗಿ ನಿಂತಿದ್ದರು. ಕೆಲವೇ ದಿನಗಳಲ್ಲಿ ಶಿವಮೊಗ್ಗದಲ್ಲಿ ಹಿಂದೂ ಸಂಘಟನೆಯ ಯುವಕನೊಬ್ಬನ ಕೊಲೆ, ಕಲ್ಲು, ಬೆಂಕಿ, ನಿಷೇಧಾಜ್ಞೆ. ಎಲ್ಲ ಕಡೆಯ ಫೋನುಗಳಲ್ಲೂ ಆ ದಿನಗಳು ಏನನ್ನು ಹೊತ್ತು ತಂದವು ಎಂಬುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಆಮೇಲಿನ ಭಾರ ಬಿದ್ದದ್ದು ಏನೂ ಮಾಡದ ಹುಡುಗರ ಮೇಲೆ. ಊರು, ಹೆಸರು ಹೇಳಿದ ಕೂಡಲೇ ಎದುರಿನವರ ದನಿ ಬದಲಾಗುವುದನ್ನು ಆ ಬ್ಯಾರಿ ಹುಡುಗ ಬಲ್ಲ. ಮುಂದೊಂದು ದಿನ ಅವನ ಮೈಕಿಗೂ ಯಾರೋ ಬಂದು “ನೋಡು, ಅವರು ನಿನ್ನನ್ನು ಎಂದೂ ತಮ್ಮವನೆಂದು ಒಪ್ಪುವುದಿಲ್ಲ” ಎನ್ನಬಹುದು. ಅಂದು ಸ್ಕ್ವಾಡಿನ ಎರಡು ಸೆಕೆಂಡುಗಳ ಮೌನವೇ ಅವನಿಗೆ ಸಾಕ್ಷಿಯಾಗಿ ನಿಂತರೆ? ಒಂದು ದ್ವೇಷ ಇನ್ನೊಂದಕ್ಕೆ ಗೊಬ್ಬರವಾಗುವುದು ಹೀಗೆ. ಅದಕ್ಕೇ ಆ ಮೌನ ನನ್ನನ್ನು ಕಾಡಿದ್ದು.

ಹಾಗಾದರೆ ಎಲ್ಲಿಂದ ಶುರುಮಾಡುವುದು? ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ನಡೆಸಿದ ಕ್ರಿಕೆಟ್ ಪ್ರಯೋಗ ನನಗೆ ತುಂಬ ಹತ್ತಿರದ್ದೆನಿಸುತ್ತದೆ. ಬೇರೆ ಬೇರೆ ಜಾತಿಯ 1,261 ಯುವಕರು ಅದರಲ್ಲಿದ್ದರು. ಚೀಟಿ ಎತ್ತಿದಂತೆ ಕೆಲವರನ್ನು ಒಂದೇ ಜಾತಿಯ ತಂಡಕ್ಕೆ, ಕೆಲವರನ್ನು ಬೆರಕೆ ತಂಡಕ್ಕೆ ಹಾಕಿ ಒಂದು ತಿಂಗಳ ಅವಧಿಯ ಲೀಗ್ ಆಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ: ಒಂದೇ ತಂಡದಲ್ಲಿ ಆಡಿದಾಗ ಬೇರೆ ಜಾತಿಯವರೊಡನೆ ಗೆಳೆತನ ಹೆಚ್ಚಿತು, ಸ್ವಜಾತಿಯ ಪಕ್ಷಪಾತ ಇಳಿಯಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿಯಷ್ಟೇ ಕಂಡಾಗ ಬಹುಮಟ್ಟಿಗೆ ಇದರ ತಿರುಗುಮುರುಗು. ನಮ್ಮ ಕಡೆ ಬೇಸಿಗೆ ಬಂದರೆ ಸಮುದಾಯಕ್ಕೊಂದು ಕಪ್, ಜಾತಿಗೊಂದು ಟೂರ್ನಿ. ಸಂಭ್ರಮ ನಿಜ. ಆದರೆ ತನ್ನವರೊಡನೆ ಮಾತ್ರ ಆಡಿ ಬೆಳೆದ ಹುಡುಗನನ್ನು ನಾವೇ ಅರ್ಧ ದಾರಿ ಕಳಿಸಿಕೊಡುತ್ತಿದ್ದೇವೆ ಎಂಬ ಆತಂಕ ನನ್ನದು.

ಇರಾಕಿನಲ್ಲಿ ಐಸಿಸ್‌ನಿಂದ ಊರು ಬಿಟ್ಟು ಓಡಿದ್ದ ಕ್ರೈಸ್ತ ಯುವಕರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ಅಭ್ಯಸಿಸಿದರು. 2020ರಲ್ಲಿ ಅವರು ವರದಿ ಮಾಡಿದಂತೆ, ಬೆರಕೆ ತಂಡದವರು ತಿಂಗಳುಗಳ ನಂತರವೂ ಮುಸ್ಲಿಂ ಆಟಗಾರರೊಡನೆ ಅಭ್ಯಾಸ ಮುಂದುವರಿಸಿದರು. ಅಂಕಣದ ಹೊರಗಿನ ಅಪರಿಚಿತ ಮುಸ್ಲಿಮರ ವಿಚಾರದಲ್ಲಿ ಮಾತ್ರ ಅಷ್ಟು ಬದಲಾವಣೆ ಬರಲಿಲ್ಲ. ಪವಾಡ ನಿರೀಕ್ಷಿಸಬಾರದು. ಆದರೆ ಸ್ಕ್ವಾಡಿನ ಮೈಕಿಗೆ ಬೇಕಾದದ್ದು ಅಷ್ಟೇ: ಆಡುವಾಗ ಜೊತೆಗಿರುವವನು ತನ್ನವನು ಎಂಬ ಭಾವ. ಪರದೆಯ ಮೇಲೂ ಅದು ಹುಟ್ಟುತ್ತದೆ ಎನ್ನುವುದಕ್ಕೆ ಇಸ್ರೇಲಿನ ಯಹೂದಿ ಮತ್ತು ಅರಬ್ ಮಕ್ಕಳನ್ನು ಸಹಕಾರದ ವಿಡಿಯೊ ಆಟದಲ್ಲಿ ಜೊತೆಗೂಡಿಸಿದ ಅಧ್ಯಯನವಿದೆ. 2021ರಲ್ಲಿ ಪ್ರಕಟವಾದ ಅದರಲ್ಲಿ ಮಕ್ಕಳ ಸಹನೆ ಹೆಚ್ಚಿದ್ದು ಕಂಡುಬಂತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಪ್ರೌಢಶಾಲೆಗಳು ತಾಲ್ಲೂಕು ಮಟ್ಟದ ಪಂದ್ಯಗಳ ಜೊತೆಗೆ ಒಂದು ದಿನ ಊರುಗಳನ್ನು ಬೆರೆಸಿ ಚೀಟಿ ಎತ್ತಿ ತಂಡ ಕಟ್ಟಲಿ. ಮೂರು ತಾಲ್ಲೂಕಿನ ಹುಡುಗರು ಒಂದೇ ಜರ್ಸಿಯಲ್ಲಿ. ಖರ್ಚು ಹೆಚ್ಚಿಲ್ಲ. 1939ರಿಂದ ಅಡಿಕೆ ಬೆಳೆಗಾರರನ್ನು ಒಂದೇ ತಕ್ಕಡಿಯ ಸುತ್ತ ಸೇರಿಸಿದ ಮ್ಯಾಮ್ಕೋಸ್‌ನಂಥ ಸಹಕಾರ ಸಂಘಗಳಿರುವ ಸೀಮೆ ಇದು. ಮಕ್ಕಳ ಬೆರಕೆ ಟೂರ್ನಿಗೆ ಆಸರೆ ಕೊಡಲು ಜನರಿಲ್ಲದೆ ಇಲ್ಲ. ನೆದರ್ಲೆಂಡ್ಸಿನಲ್ಲಿ ಪೊಲೀಸರೇ ಮಕ್ಕಳೊಡನೆ ಆನ್‌ಲೈನ್ ಆಟ ಆಡುತ್ತ ಮಾತಿಗೆ ಕೂರುತ್ತಾರೆ. ನಮ್ಮ ಠಾಣೆಯ ಕಿರಿಯ ಕಾನ್‌ಸ್ಟೇಬಲ್‌ಗಳಲ್ಲಿ ಬಿಜಿಎಂಐ ಆಡುವವರು ಖಂಡಿತ ಇದ್ದಾರೆ. ಶಾಲೆಗೆ ಬಂದು ಭಾಷಣ ಮಾಡುವ ಬದಲು ಅವರು ಮಕ್ಕಳೊಡನೆ ಎರಡು ಆಟ ಆಡಿದರೆ, ಏನಾದರೂ ಆದ ದಿನ ಹೇಳಿಕೊಳ್ಳಲು ಹುಡುಗನಿಗೆ ಒಂದು ಪರಿಚಿತ ದನಿ ಇರುತ್ತದೆ. ಅಪ್ಪ ಅಮ್ಮಂದಿರಿಗೆ ನನ್ನದೊಂದೇ ಕೋರಿಕೆ. “ಅವನು ಹೀಗಂದ” ಎಂದು ಮಗ ಬಾಯಿಬಿಟ್ಟ ದಿನ ಫೋನು ಕಸಿಯಬೇಡಿ. ಕಸಿದರೆ ಎರಡನೆಯ ಸಲ ಅವನು ಹೇಳುವುದಿಲ್ಲ.

ಆ ರಾತ್ರಿ ಊಟವಾದ ಮೇಲೆ ಹುಡುಗನನ್ನು ಕೇಳಿದೆ, “ಅವನು ಹಾಗಂದಾಗ ಎಂತಕ್ಕೆ ಸುಮ್ಮನಿದ್ದೆ?” “ನಂಗೆ ಎಂತ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಮಾವ” ಎಂದ. ನಾನು ಮಿಡ್ಲ್ ಗ್ರೋವಿನ ಹುಡುಗರ ಕಥೆ ಹೇಳಿದೆ. ಪೂರ್ತಿ ಕೇಳಿದ, ಏನೂ ಅನ್ನಲಿಲ್ಲ.

ಹದಿನೈದು ದಿನ ಕಳೆದು ಮತ್ತೆ ಹೋದಾಗ ಅಡಿಕೆ ಚಪ್ಪರದ ತುಂಬ ಹರಡಿತ್ತು. ಹುಡುಗ ಹಲಸಿನ ಬುಡಕ್ಕೆ ಬಿಡಾರ ಬದಲಾಯಿಸಿದ್ದ. ಆವತ್ತು ಬೇರೆ ರ‍್ಯಾಂಡಮ್, ಬೇರೆ ಮಾತು, ಮೊನಚು ಅದೇ. ಈ ಸಲ ಮೌನ ಅರ್ಧ ಸೆಕೆಂಡೂ ಇರಲಿಲ್ಲ. “ಅದೆಲ್ಲ ಬ್ಯಾಡ ಇಲ್ಲಿ. ನಮ್ ಹುಡುಗ ಇದಾನೆ” ಎಂದ. ಅತ್ತಲಿಂದ ನಗು, ಒಂದು ಬೈಗುಳ. ಹುಡುಗ ಅವನನ್ನು ಮ್ಯೂಟ್ ಮಾಡಿ ರಿಪೋರ್ಟ್ ಒತ್ತಿದ. ರ‍್ಯಾಂಡಮ್ ಸಿಟ್ಟಿಗೆದ್ದು ಆಟದಿಂದಲೇ ಹೊರಬಿದ್ದ. ಮೂವರೇ ಉಳಿದರು. ನಾಲ್ವರ ತಂಡಗಳ ನಡುವೆ ಹೆಚ್ಚು ಹೊತ್ತು ತಾಳಲಿಲ್ಲ, ಸೋತರು. ತೀರ್ಥಹಳ್ಳಿಯ ದನಿ ಕೇಳಿತು: “ಇನ್ನೊಂದು ಹಾಕು ಮಾರಾಯ. ಈ ಸಲ ರ‍್ಯಾಂಡಮ್ ಬ್ಯಾಡ, ನನ್ ತಮ್ಮನ್ನ ಎಬ್ಬಿಸ್ತೀನಿ.”